ರೇಡಿಯೋದಲ್ಲಿ ಪೊಲೀಸ್ ಠಾಣೆ



ಈ ದತ್ತಿ ಉಪನ್ಯಾಸದಲ್ಲಿ ಸಮೂಹ ಮಾಧ್ಯಮಗಳ ಬಗ್ಗೆ ಮಾತಾಡಿ ಎಂದು ಸಂಘಟಕರು ಹೇಳಿದರು. ಟಿವಿಯವರನ್ನು ಒಂದು ತಾಸು ಬೈದು ಚಪ್ಪಾಳೆ ಗಿಟ್ಟಿಸಿಕೊಂಡು ಹೋಗುವುದು ಸುಲಭವಿತ್ತು. ಅದರ ಬದಲು ಒಂದು ಇಕ್ಕಟ್ಟಿನ ವಿಷಯ ಆರಿಸಿಕೊಂಡಿದ್ದೇನೆ. ಪೊಲೀಸರ ಹೊಡೆತ ಬಡಿತದ ಬಗ್ಗೆ ರೇಡಿಯೋ ಏನು ಮಾತಾಡುತ್ತದೆ, ಏನು ಮಾತಾಡಬಹುದು, ಕೇಳುವ ಜನ ಅದನ್ನು ಎಷ್ಟು ನಂಬುತ್ತಾರೆ ಎಂಬುದು ಇವತ್ತಿನ ಮಾತು.

ರೇಡಿಯೋ ಯಾಕೆ ಅಂದರೆ, ಅದು ಸತ್ತಿದೆ ಎಂದು ಬೆಂಗಳೂರಿನಲ್ಲಿ ಕೂತು ಹೇಳುವವರು ನಮ್ಮ ಬುಕ್ಕಸಾಗರದ ಕಡೆ ಬಂದು ನೋಡಿಲ್ಲ. ನಾಟಿ ಹಚ್ಚುವ ಹೆಣ್ಣುಮಕ್ಕಳು ಬದುವಿನ ಮೇಲೆ ಬುತ್ತಿಗಂಟಿನ ಪಕ್ಕ ಇಟ್ಟ ಮೊಬೈಲಿನಲ್ಲಿ, ಬಾಳೆಗೊನೆ ಲೋಡು ಮಾಡುವ ಲಾರಿಯ ಕ್ಯಾಬಿನ್ನಿನಲ್ಲಿ, ಹೊಸಪೇಟೆ ಆಟೋಗಳಲ್ಲಿ ಆಕಾಶವಾಣಿಯ 100.5 ಇನ್ನೂ ಕೂಗುತ್ತಿರುತ್ತದೆ. ಓದಲು ಬಾರದವರಿಗೂ ಅದು ತಲುಪುತ್ತದೆ, ಕೈ ಕೆಲಸ ಬಿಡದೆ ಕೇಳಬಹುದು. ಠಾಣೆಯಲ್ಲಿ ಏಟು ತಿನ್ನುವವರೂ ಬಹುಪಾಲು ಇದೇ ಜನ. ಹೊಲ, ಗಣಿ, ಲಾರಿ, ಗಾರೆ ಕೆಲಸದವರು. ವಕೀಲರ ನಂಬರು ಮೊಬೈಲಿನಲ್ಲಿ ಇಲ್ಲದವರು.

ಮೊದಲು ಒಂದು ತೀರ್ಪಿನ ಮಾತು ಹೇಳಿಬಿಡುತ್ತೇನೆ. 1986ರಲ್ಲಿ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಅಧ್ಯಕ್ಷ ಡಿ.ಕೆ. ಬಸು ಅವರು ಪತ್ರಿಕೆಗಳಲ್ಲಿ ಬಂದ ಲಾಕಪ್ ಸಾವಿನ ವರದಿಗಳನ್ನು ಲಗತ್ತಿಸಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಒಂದು ಪತ್ರ ಬರೆದರು. ಆ ಪತ್ರವನ್ನೇ ಕೋರ್ಟು ಅರ್ಜಿ ಎಂದು ತೆಗೆದುಕೊಂಡಿತು. ತೀರ್ಪು ಬಂದದ್ದು ಹತ್ತು ವರ್ಷದ ಮೇಲೆ, 18 ಡಿಸೆಂಬರ್ 1996ರಂದು. ಬಂಧಿಸುವಾಗ ಪೊಲೀಸರು ಪಾಲಿಸಬೇಕಾದ ಹನ್ನೊಂದು ಸೂಚನೆಗಳು ಅದರಲ್ಲಿವೆ. ಬಂಧಿಸಲು ಬಂದವನ ಎದೆಯ ಮೇಲೆ ಹೆಸರು, ಹುದ್ದೆ ಕಾಣುವಂತಿರಬೇಕು. ಬಂಧನದ ಮೆಮೊ ಬರೆಯಬೇಕು. ಅದಕ್ಕೆ ಮನೆಯವರೋ ಊರಿನ ಗೌರವಸ್ಥರೋ ಸಾಕ್ಷಿ ಹಾಕಬೇಕು. ಎಲ್ಲಿಟ್ಟಿದ್ದಾರೆಂದು ಸಂಬಂಧಿಕರಿಗೆ ತಿಳಿಸಬೇಕು. ಹಿಡಿದಾಗ ಮೈಮೇಲೆ ಇರುವ ಗಾಯಗಳನ್ನು, ಬಂಧಿತ ಕೇಳಿಕೊಂಡರೆ, ಬರೆದಿಡಬೇಕು. ಕಸ್ಟಡಿಯಲ್ಲಿ ಇರುವಷ್ಟು ಕಾಲ 48 ಗಂಟೆಗೊಮ್ಮೆ ವೈದ್ಯರಿಂದ ತಪಾಸಣೆ ಮಾಡಿಸಬೇಕು. ವಕೀಲರನ್ನು ಭೇಟಿಯಾಗಲು ಬಿಡಬೇಕು.

ಇಷ್ಟು ಹೇಳಿ ಕೋರ್ಟು ಸುಮ್ಮನಾಗಲಿಲ್ಲ. ಈ ಸೂಚನೆಗಳನ್ನು ಪ್ರತಿ ಠಾಣೆಯಲ್ಲೂ ಜನರಿಗೆ ಕಾಣುವಂತೆ ತೂಗುಹಾಕಬೇಕು ಎಂದಿತು. ಆಕಾಶವಾಣಿಯಲ್ಲಿ ಪ್ರಸಾರ ಮಾಡಿದರೆ, ದೂರದರ್ಶನದಲ್ಲಿ ತೋರಿಸಿದರೆ, ಸ್ಥಳೀಯ ಭಾಷೆಯಲ್ಲಿ ಕರಪತ್ರ ಹಂಚಿದರೆ ಉಪಯೋಗವಾಗುತ್ತದೆ ಎಂದೂ ಬರೆಯಿತು. ಅಂದರೆ ಪೊಲೀಸ್ ದೌರ್ಜನ್ಯದ ಬಗ್ಗೆ ರೇಡಿಯೋ ಬಾಯಿ ಬಿಡಬೇಕು ಅನ್ನುವುದು ನನ್ನಂಥ ಭಾಷಣಕಾರನ ತಲೆಹರಟೆಯಲ್ಲ, ದೇಶದ ಸರ್ವೋಚ್ಚ ನ್ಯಾಯಾಲಯದ ಬರಹದಲ್ಲಿರುವ ಮಾತು. ಈ ಸಭೆಯಲ್ಲಿ ಐವತ್ತು ದಾಟಿದವರು ಬಹಳ ಜನ ಇದ್ದೀರಿ. ಆ ಹನ್ನೊಂದು ಅಂಶಗಳನ್ನು ರೇಡಿಯೋದಲ್ಲಿ ಕನ್ನಡದಲ್ಲಿ ಕೇಳಿ ಬಾಯಿಪಾಠ ಮಾಡಿಕೊಂಡವರು ಯಾರಾದರೂ ಇದ್ದರೆ ಕೈ ಎತ್ತಿ. ಭತ್ತಕ್ಕೆ ಬೆಂಕಿರೋಗ ಬಂದರೆ ಏನು ಸಿಂಪಡಿಸಬೇಕು ಅಂದರೆ ಎಲ್ಲರ ಕೈ ಮೇಲೇಳುತ್ತದೆ. ಅದು ಕೃಷಿ ಕಾರ್ಯಕ್ರಮದವರು ಮತ್ತೆ ಮತ್ತೆ ಹೇಳಿದ್ದರ ಫಲ.

ಹಾಗಾದರೆ ನಮ್ಮ ರೇಡಿಯೋಗಳಲ್ಲಿ ಪೊಲೀಸರು ಬರುವುದೇ ಇಲ್ಲವೇ? ಧಾರಾಳವಾಗಿ ಬರುತ್ತಾರೆ. ಅಪರಾಧ ತಡೆ ಮಾಸಾಚರಣೆ, ರಸ್ತೆ ಸುರಕ್ಷತೆ, ಸೈಬರ್ ವಂಚನೆ, ಎಲ್ಲದಕ್ಕೂ ಸಾಹೇಬರು ಬಂದು ಕೂರುತ್ತಾರೆ. ನೇರ ಫೋನ್ ಇನ್ ಹೇಗಿರುತ್ತದೆ ಎಂದು ನಿಮಗೆ ಗೊತ್ತು.

‘ಹಲೋ, ಯಾರು ಮಾತಾಡ್ತಿರೋದು? ಯಾವ ಊರಿಂದ?’

‘ನಮಸ್ಕಾರ್ರಿ ಮೇಡಂ. ನಮ್ಮೂರಾಗ ಓಣಿಗೊಬ್ರು ಮಟ್ಕಾ ಚೀಟಿ ಬರೆಯೋರು ಅದಾರ್ರಿ. ಸಾಹೇಬ್ರಿಗೆ ಒಂದೀಟು ಹೇಳ್ರಿ.’

‘ಸಂಬಂಧಪಟ್ಟವರಿಗೆ ಸೂಚನೆ ಕೊಟ್ಟು ಕ್ರಮ ಕೈಗೊಳ್ಳುತ್ತೇವೆ. ಧನ್ಯವಾದ. ಈಗ ಒಂದು ಚಿತ್ರಗೀತೆ.’

ತಪ್ಪೇನಿಲ್ಲ. ಮಟ್ಕಾ ನಿಂತರೆ ಒಳ್ಳೆಯದೇ. ಆದರೆ ಮೊದಲ ಪ್ರಶ್ನೆ ಗಮನಿಸಿ: ಹೆಸರೇನು, ಊರು ಯಾವುದು. ಠಾಣೆಯಲ್ಲಿ ಅಂಗಾಲಿಗೆ ಏಟು ತಿಂದು ಬಂದವನು ಈ ಎರಡು ಪ್ರಶ್ನೆಗೇ ಫೋನ್ ಇಡುತ್ತಾನೆ. ಹೆಸರು ಹೇಳಿದರೆ ಇಡೀ ತಾಲ್ಲೂಕು ಕೇಳುತ್ತದೆ, ಠಾಣೆಯ ರೈಟರೂ ಕೇಳುತ್ತಾನೆ, ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಮನೆ ಬಾಗಿಲಿಗೆ ಬೈಕು ಬಂದಿರುತ್ತದೆ ಎಂಬ ಹೆದರಿಕೆ. ದೂರು ಯಾರ ಮೇಲೋ ಅವರ ಮೇಲಧಿಕಾರಿಯೇ ಉತ್ತರದ ಕುರ್ಚಿಯಲ್ಲಿ ಕೂತಿದ್ದರೆ ಅದು ದರ್ಬಾರು ಆಗುತ್ತದೆ. ದರ್ಬಾರಿನಲ್ಲಿ ಮನವಿ ಕೊಡಬಹುದು, ಆರೋಪ ಹೊರಿಸುವುದು ಕಷ್ಟ. ಜನರಿಗೆ ಇದು ಯಾರೂ ಹೇಳಿಕೊಡದೆ ಗೊತ್ತಿದೆ. ತುಂಗಭದ್ರಾ ಡ್ಯಾಮಿಗೆ ಎಷ್ಟು ಅಡಿ ನೀರು ಬಂತು ಅಂದರೆ ರೇಡಿಯೋ ಮಾತನ್ನು ಪ್ರಮಾಣ ಮಾಡಿದಂತೆ ನಂಬುವವರು, ಠಾಣೆಯ ಸುದ್ದಿಗೆ ಬಂದರೆ ‘ಅದು ಸರ್ಕಾರದ ಡಬ್ಬಿ ಬಿಡ್ರಿ’ ಅನ್ನುತ್ತಾರೆ. ಒಂದೇ ಡಬ್ಬಿ, ಎರಡು ಬಗೆಯ ನಂಬಿಕೆ.

ಬಾನುಲಿ ಕೇಂದ್ರದಲ್ಲಿ ಕೆಲಸ ಮಾಡುವವರನ್ನು ದೂರಿ ಪ್ರಯೋಜನವಿಲ್ಲ. ಆಕಾಶವಾಣಿಗೆ ಒಂದು ಪ್ರಸಾರ ಸಂಹಿತೆ ಇದೆ. ಮಾನಹಾನಿ ಆಗಬಾರದು, ಕಾನೂನು ಸುವ್ಯವಸ್ಥೆಗೆ ಧಕ್ಕೆ ಬರಬಾರದು, ನ್ಯಾಯಾಂಗ ನಿಂದನೆ ಕೂಡದು, ಕೇಂದ್ರ ಸರ್ಕಾರದ ಅಥವಾ ಯಾವುದೇ ರಾಜ್ಯದ ವಿರುದ್ಧ ದ್ವೇಷಪೂರ್ಣ ಟೀಕೆ ಸಲ್ಲದು. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ನ್ಯಾಯವಾಗಿಯೇ ಕಾಣುತ್ತದೆ. ಎಲ್ಲವೂ ಸೇರಿದಾಗ ಕಾರ್ಯಕ್ರಮ ನಿರ್ವಾಹಕ ಒಂದೇ ತೀರ್ಮಾನಕ್ಕೆ ಬರುತ್ತಾನೆ: ನಮಗ್ಯಾಕೆ ಊರ ಉಸಾಬರಿ.

ಈ ಅಂಜಿಕೆಗೆ ಹಳೆಯ ಬೇರಿದೆ. 26 ಜೂನ್ 1975ರ ಬೆಳಿಗ್ಗೆ ಇಂದಿರಾ ಗಾಂಧಿಯವರು ತುರ್ತು ಪರಿಸ್ಥಿತಿಯ ಸುದ್ದಿಯನ್ನು ಹೇಳಿದ್ದು ರೇಡಿಯೋದಲ್ಲೇ. ಮರುವರ್ಷ ಮೇ 1ರಂದು ಬೆಂಗಳೂರಿನಲ್ಲಿ, ತಲೆಮರೆಸಿಕೊಂಡಿದ್ದ ನಾಯಕ ಜಾರ್ಜ್ ಫರ್ನಾಂಡಿಸರ ತಮ್ಮ ಲಾರೆನ್ಸ್ ಅವರನ್ನು ಪೊಲೀಸರು ಹಿಡಿದೊಯ್ದರು. ಅಣ್ಣ ಎಲ್ಲಿದ್ದಾನೆ ಎಂದು ಬಾಯಿ ಬಿಡಿಸಲು ಅವರನ್ನು ಬಡಿದ ಕಥೆ ಈಗ ಎಲ್ಲರಿಗೂ ಗೊತ್ತು. ಅವರ ತಾಯಿ ಆಲಿಸ್ ಫರ್ನಾಂಡಿಸ್ ರಾಷ್ಟ್ರಪತಿಗೆ ಪತ್ರ ಬರೆದರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅದೇ ಬೆಂಗಳೂರಿನ ಸೆರೆಮನೆಯಲ್ಲಿ ಆಸ್ತಮಾದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಸೆನ್ಸಾರಿನ ಆ ದಿನಗಳಲ್ಲಿ ಇಂಥದ್ದು ಬಾನುಲಿಯಲ್ಲಿ ಬರುವ ಮಾತೇ ಇರಲಿಲ್ಲ. ನಿಜ ಸುದ್ದಿ ಬೇಕಾದವರು ರಾತ್ರಿ ಬಿಬಿಸಿ ಹುಡುಕುತ್ತಿದ್ದರು. 1990ರಲ್ಲಿ ಪ್ರಸಾರ ಭಾರತಿ ಕಾಯ್ದೆ ಆಯಿತು, 1997ರಲ್ಲಿ ಜಾರಿಗೂ ಬಂತು. ಕಾಗದದ ಮೇಲೆ ಸ್ವಾಯತ್ತತೆ ಸಿಕ್ಕಿತು. ಎದೆಗಾರಿಕೆ ಕಾಯ್ದೆಯಿಂದ ಬರುವಂಥದ್ದಲ್ಲ.

ಸರ್ಕಾರಿ ರೇಡಿಯೋ ಬೇಡ, ಜನರದೇ ರೇಡಿಯೋ ಇರಲಿ ಅಂದರೆ? ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. 2006ರ ನೀತಿ ಬಂದ ಮೇಲೆ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿ ನಡೆಸಲು ಅನುಮತಿ ಸಿಕ್ಕಿತು. ನಮ್ಮ ಬೀದರಿನ ಗಡಿಯಾಚೆ, ಜಹೀರಾಬಾದ್ ಬಳಿಯ ಮಾಚನೂರಿನಲ್ಲಿ, ದಲಿತ ಹೆಣ್ಣುಮಕ್ಕಳೇ 2008ರಿಂದ ‘ಸಂಘಂ ರೇಡಿಯೋ’ ನಡೆಸುತ್ತಾ ಬಂದರು. ಕೋಲಾರದ ಬೂದಿಕೋಟೆಯಲ್ಲಿ ಅದಕ್ಕೂ ಮೊದಲೇ ‘ನಮ್ಮ ಧ್ವನಿ’ಯವರು ಕೇಬಲ್ ಮೂಲಕ ಮನೆ ಮನೆಗೆ ರೇಡಿಯೋ ಒಯ್ದಿದ್ದರು. ಆದರೆ ಸಮುದಾಯ ಬಾನುಲಿಗೆ ಸ್ವಂತ ಸುದ್ದಿ ಪ್ರಸಾರ ಮಾಡುವ ಹಕ್ಕಿಲ್ಲ. ಖಾಸಗಿ ಎಫ್‌.ಎಂ.ಗೂ ಇಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದಂತೆ ಹಾಕಬಹುದು, ಅಷ್ಟೆ. ಪತ್ರಿಕೆಗೆ ಇರುವ, ಟಿವಿಗೆ ಇರುವ, ಮೊಬೈಲು ಹಿಡಿದ ಯಾವ ಹುಡುಗನಿಗೂ ಇರುವ ಹಕ್ಕು ಈ ರೇಡಿಯೋಗಳಿಗೆ ಮಾತ್ರ ಇಲ್ಲ. ಇದಕ್ಕೆ ಸಮರ್ಥನೆ ನನಗಂತೂ ಕಾಣುವುದಿಲ್ಲ. ಊರ ಠಾಣೆಯಲ್ಲಿ ನಿನ್ನೆ ರಾತ್ರಿ ಏನಾಯಿತು ಎಂಬುದನ್ನು ಆ ಊರಿನ ರೇಡಿಯೋ ಹೇಳಬಾರದು ಅಂದರೆ ಅದನ್ನು ಊರ ರೇಡಿಯೋ ಅನ್ನುವುದು ಯಾಕೆ?

ಈ ಬೇಲಿಯೊಳಗೂ ದಾರಿ ಮಾಡಿಕೊಂಡವರಿದ್ದಾರೆ. ಬೆಂಗಳೂರಿನ ‘ರೇಡಿಯೋ ಆಕ್ಟಿವ್’ 90.4ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರೇ ಮೈಕಿನ ಮುಂದೆ ಕೂತರು. ಹಿಜ್ರಾಗಳನ್ನು ಠಾಣೆಯಲ್ಲಿ ನಡೆಸಿಕೊಳ್ಳುವ ರೀತಿಯ ಬಗ್ಗೆ ಮಾನವ ಹಕ್ಕು ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕದವರು 2001ರಲ್ಲಿ, 2003ರಲ್ಲಿ ವರದಿಗಳನ್ನೇ ತಂದಿದ್ದರು. ವರದಿ ಓದುವವರು ಎಷ್ಟು ಮಂದಿ? ಅದೇ ಸಮುದಾಯದವರು ರೇಡಿಯೋದಲ್ಲಿ ತಮ್ಮ ಬದುಕನ್ನು ತಾವೇ ಹೇಳಿಕೊಂಡರೆ ಕಿವಿಗೊಡುವವರ ಮನಸ್ಸು ಬೇರೆಯೇ. ಸುದ್ದಿ ಅಂದರೆ ತಡೆಯಬಹುದು, ಒಬ್ಬರ ಬದುಕಿನ ಕಥೆಗೆ ಯಾವ ಲೈಸೆನ್ಸು?

ಈಗ ನಮ್ಮ ಕಡೆಗೇ ಬೆರಳು ತಿರುಗಿಸಬೇಕು. ಪೊಲೀಸರ ಏಟಿನ ಬಗ್ಗೆ ಜನಾಭಿಪ್ರಾಯ ಏನು ಅಂದರೆ, ಅದು ಯಾರ ಬೆನ್ನ ಮೇಲೆ ಬೀಳುತ್ತದೆ ಎಂಬುದನ್ನು ನೋಡಿಕೊಂಡು ಬದಲಾಗುತ್ತದೆ. ಮನೆಯಲ್ಲಿ ಕಳವಾದಾಗ ‘ನಾಲ್ಕು ಬಿಗಿದರೆ ಬಾಯಿ ಬಿಡ್ತಾನೆ ಸರ್’ ಎಂದು ಠಾಣೆಯಲ್ಲಿ ಹೇಳಿಬರುವವರು ನಾವೇ. ನಮ್ಮ ಹುಡುಗನನ್ನೇ ಸಂಶಯದ ಮೇಲೆ ಕರೆದೊಯ್ದರೆ ಸಂವಿಧಾನ ನೆನಪಾಗುತ್ತದೆ. 2020ರ ಮಾರ್ಚಿನ ಲಾಕ್‌ಡೌನ್ ನೆನಪಿಸಿಕೊಳ್ಳಿ. ಬೀದಿಗೆ ಬಂದವರ ಕಾಲಿಗೆ ಲಾಠಿ ಬೀಸುವ ವಿಡಿಯೋಗಳಿಗೆ ಹಾಸ್ಯದ ಹಾಡು ಕೂಡಿಸಿ ಹಂಚಿಕೊಂಡು ನಕ್ಕೆವು. ಕೊನೆಗೆ ಲಾಠಿ ಠಾಣೆಯಲ್ಲೇ ಬಿಟ್ಟು ಹೋಗಿ ಎಂದು ಸಿಬ್ಬಂದಿಗೆ ಹೇಳಿದ್ದು ಬೆಂಗಳೂರಿನ ಆಗಿನ ಪೊಲೀಸ್ ಆಯುಕ್ತ ಭಾಸ್ಕರ ರಾವ್. ಅದಕ್ಕೂ ಮೊದಲು, 2019ರ ಡಿಸೆಂಬರ್ 6ರಂದು, ಹೈದರಾಬಾದ್ ಬಳಿ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳು ಎನ್‌ಕೌಂಟರಿನಲ್ಲಿ ಸತ್ತಾಗ ದೇಶವೇ ಹೂಮಳೆಗರೆಯಿತು. ಸೈಬರಾಬಾದಿನ ಆಗಿನ ಪೊಲೀಸ್ ಆಯುಕ್ತ ಸಜ್ಜನರ ಹುಬ್ಬಳ್ಳಿಯವರು ಎಂದು ನಮ್ಮ ಕಡೆ ಹೆಮ್ಮೆ ಇನ್ನಷ್ಟು ಉಬ್ಬಿತು. ಸುಪ್ರೀಂ ಕೋರ್ಟು ನೇಮಿಸಿದ ಸಿರ್ಪುರ್ಕರ್ ಆಯೋಗ 2022ರಲ್ಲಿ ಬೇರೆಯೇ ಹೇಳಿತು: ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಹತ್ತು ಪೊಲೀಸರ ಮೇಲೆ ಕೊಲೆ ಮೊಕದ್ದಮೆ ನಡೆಯಬೇಕು. ಹೂ ಎರಚಿದವರಲ್ಲಿ ಆ ವರದಿಯ ಸುದ್ದಿ ಓದಿದವರು ಎಷ್ಟು ಜನವೋ! ಇಂಥ ಕೇಳುಗರನ್ನು ಎದುರಿಗಿಟ್ಟುಕೊಂಡು ರೇಡಿಯೋ ಕಾರ್ಯಕ್ರಮ ಮಾಡಬೇಕಾಗಿದೆ. ಬರೀ ಪೊಲೀಸರನ್ನು ತಿದ್ದಿದರೆ ಆಗುವ ಕೆಲಸ ಅಲ್ಲ ಇದು.

ಸಂಶಯ ಅಂದೆ. ಈ ಸೀಮೆಯಲ್ಲಿ ಕೊರಮ, ಕೊರಚರಂಥ ಸಮುದಾಯಗಳಿಗೆ ಆ ಮಾತು ಹೊಸದಲ್ಲ. ಬ್ರಿಟಿಷರು 1871ರಲ್ಲಿ ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ನಮ್ಮ ಸೀಮೆ ಆಗ ಸೇರಿದ್ದ ಬಳ್ಳಾರಿ ಜಿಲ್ಲೆ ಮದ್ರಾಸಿನದು. ಹುಟ್ಟಿದ ಮಗುವೇ ಕಳ್ಳ ಎಂದು ಬರೆದುಕೊಂಡು ಠಾಣೆಗೆ ಹಾಜರಿ ಹಾಕಿಸಿದ ಕಾಯ್ದೆ ಅದು. 1952ರ ಆಗಸ್ಟ್ 31ಕ್ಕೆ ರದ್ದಾಯಿತು. ಅದಕ್ಕೇ ಆ ದಿನವನ್ನು ವಿಮುಕ್ತ ದಿನ ಎಂದು ಆಚರಿಸುತ್ತಾರೆ. ಕಾಯ್ದೆ ಹೋಯಿತು, ಎಲ್ಲಾದರೂ ಕಳವಾದರೆ ಮೊದಲು ಇವರ ಗುಡಿಸಲಿಗೆ ಜೀಪು ಕಳಿಸುವ ಅಭ್ಯಾಸ ಹೋಗಲಿಲ್ಲ. ಆ ಓಣಿಗಳ ಮುದುಕರನ್ನು ಕೂರಿಸಿ ಮಾತಾಡಿಸಿದರೆ ಹತ್ತು ವಾರದ ಕಾರ್ಯಕ್ರಮವಾಗುತ್ತದೆ. ಯಾವ ಸಂಹಿತೆಯೂ ಮುರಿಯುವುದಿಲ್ಲ.

ಹೊರಗಿನ ಅನುಭವಗಳನ್ನೂ ನೋಡೋಣ. 1992ರಲ್ಲಿ ರಾಡ್ನಿ ಕಿಂಗ್ ಎಂಬ ಕರಿಯ ಯುವಕನನ್ನು ಬಡಿದ ನಾಲ್ವರು ಪೊಲೀಸರು ನಿರ್ದೋಷಿಗಳೆಂದು ತೀರ್ಪು ಬಂದು ಅಮೆರಿಕದ ಲಾಸ್ ಏಂಜಲಿಸ್ ಹೊತ್ತಿ ಉರಿಯಿತು. ಅಲ್ಲಿನ ಕೆಜೆಎಲ್‌ಎಚ್ ಎಂಬ, ಹಾಡುಗಾರ ಸ್ಟೀವಿ ವಂಡರ್ ಒಡೆತನದ ರೇಡಿಯೋ ಹಾಡು ನಿಲ್ಲಿಸಿ ಜನರ ಫೋನಿಗೆ ಬಾಗಿಲು ತೆರೆಯಿತು. ಸಿಟ್ಟು, ಅಳು, ಬೈಗುಳ ಎಲ್ಲ ಬಂತು. ಆ ಪ್ರಸಾರಕ್ಕೆ ಪೀಬಡಿ ಪ್ರಶಸ್ತಿ ಸಿಕ್ಕಿತು.

ನೈಜೀರಿಯಾದ ಕಥೆ ಇನ್ನೂ ಪಾಠವುಳ್ಳದ್ದು. ರಾಜಧಾನಿ ಅಬುಜಾದಲ್ಲಿ ‘ಬ್ರೆಕೆಟೆ ಫ್ಯಾಮಿಲಿ’ ಎಂಬ ಕಾರ್ಯಕ್ರಮ. ನಡೆಸುವವರು ಅಹ್ಮದ್ ಇಸಾ. ಪೊಲೀಸರಿಂದ, ಅಧಿಕಾರಿಗಳಿಂದ, ಮಾಲೀಕರಿಂದ ಅನ್ಯಾಯವಾದವರು ಬೆಳಿಗ್ಗೆಯೇ ಬಂದು ರೇಡಿಯೋ ಕೇಂದ್ರದ ಗೇಟಿನ ಮುಂದೆ ನಿಲ್ಲುತ್ತಾರೆ. ಇಸಾ ಆಡುಮಾತಿನಲ್ಲಿ ಅವರ ದೂರು ಕೇಳಿ, ಪ್ರಸಾರದಲ್ಲೇ ಅಧಿಕಾರಿಗೆ ಫೋನ್ ಹಚ್ಚಿ ತರಾಟೆಗೆ ತೆಗೆದುಕೊಳ್ಳುತ್ತಾರೆ. ಕೋರ್ಟಿಗಿಂತ ಇವನೇ ವಾಸಿ ಅನ್ನುವಷ್ಟು ಜನರ ನಂಬಿಕೆ. 2021ರಲ್ಲಿ ಬಿಬಿಸಿಯ ಸಾಕ್ಷ್ಯಚಿತ್ರವೊಂದರಲ್ಲಿ ಅದೇ ಇಸಾ, ಮಗುವೊಂದಕ್ಕೆ ಸುಟ್ಟಗಾಯ ಮಾಡಿದ ಆರೋಪ ಹೊತ್ತ ಹೆಂಗಸಿನ ಕೆನ್ನೆಗೆ ಬಾರಿಸುವುದು ಕಾಣಿಸಿತು. ಆಮೇಲೆ ಕ್ಷಮೆ ಕೇಳಿದರು. ನನಗೆ ಮುಖ್ಯ ಅನ್ನಿಸಿದ್ದು ಬೇರೆ: ಹೊಡೆದದ್ದು ಸರಿ ಎಂದವರೂ ಬಹಳ ಜನ ಇದ್ದರು. ಪೊಲೀಸರ ಕೈಯಿಂದ ಲಾಠಿ ಕಸಿದು ರೇಡಿಯೋದವನ ಕೈಗೆ ಕೊಟ್ಟರೆ ಏಟು ಏಟೇ. ರೇಡಿಯೋ ನ್ಯಾಯ ಕೊಡಲು ಹೋಗಬಾರದು ಎಂಬ ನನ್ನ ಅಭಿಪ್ರಾಯ ಗಟ್ಟಿಯಾದದ್ದು ಅದನ್ನು ನೋಡಿದ ಮೇಲೆ.

ಪಕ್ಕದ ತಮಿಳುನಾಡಿನ ಸಾತ್ತಾನ್‌ಕುಳಂ ನಿಮಗೆ ನೆನಪಿರಬಹುದು. 2020ರ ಜೂನ್‌ನಲ್ಲಿ ಮೊಬೈಲ್ ಅಂಗಡಿಯ ತಂದೆ ಮಗ ಇಬ್ಬರೂ ಪೊಲೀಸರ ವಶದಲ್ಲಿ ಬಡಿತ ತಿಂದು ಕೆಲವೇ ಗಂಟೆಗಳ ಅಂತರದಲ್ಲಿ ತೀರಿಕೊಂಡರು. ಅದನ್ನು ದೇಶದ ಕಿವಿಗೆ ಹಾಕಿದವರಲ್ಲಿ ಗಾಯಕಿ, ರೇಡಿಯೋ ಜಾಕಿ ಸುಚಿತ್ರಾ ಒಬ್ಬರು. ಆದರೆ ಅವರು ಮಾತಾಡಿದ್ದು ಮೊಬೈಲ್ ವಿಡಿಯೋದಲ್ಲಿ, ರೇಡಿಯೋದಲ್ಲಿ ಅಲ್ಲ. ಕೋಟಿಗಟ್ಟಲೆ ಜನ ನೋಡಿದರು. ಅದರಲ್ಲಿ ಉತ್ಪ್ರೇಕ್ಷೆ ಇದೆ ಎಂದು ತನಿಖಾ ಪೊಲೀಸರು ಹೇಳಿದ ಮೇಲೆ ವಿಡಿಯೋ ತೆಗೆದರು. ಸಂಪಾದಕರಿಲ್ಲದ ಕಡೆ ಹೀಗಾಗುತ್ತದೆ, ನಿಜದ ಜೊತೆ ಒಂದಿಷ್ಟು ಬಣ್ಣವೂ ಸೇರಿ ಕೊನೆಗೆ ನಿಜಕ್ಕೇ ಪೆಟ್ಟು. ಅದೇ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಧೈರ್ಯದಿಂದ ಸಾಕ್ಷಿ ಹೇಳಿದವರು ಅದೇ ಠಾಣೆಯ ಹೆಡ್ ಕಾನ್‌ಸ್ಟೆಬಲ್ ರೇವತಿ.

ರೇವತಿಯವರ ಹೆಸರು ಬಂದದ್ದಕ್ಕೆ ಒಂದು ಮಾತು. ಈ ಸಭೆಯಲ್ಲಿ ಪೊಲೀಸರ ಮನೆಯವರೂ ಇದ್ದೀರಿ. ಕಾನ್‌ಸ್ಟೆಬಲ್ಲಿನ ಬಾಯಿಗೂ ಬೀಗವಿದೆ. ಅನುಮತಿಯಿಲ್ಲದೆ ಸಂಘ ಕಟ್ಟುವಂತಿಲ್ಲ, ಪತ್ರಿಕೆಯ ಜೊತೆ ಮಾತಾಡುವಂತಿಲ್ಲ ಎಂದು 1966ರ ಕೇಂದ್ರ ಕಾಯ್ದೆ ಹೇಳುತ್ತದೆ. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ಹೊರಟ ನಮ್ಮ ರಾಜ್ಯದ ಪೊಲೀಸರಿಗೆ ಏನಾಯಿತೆಂದು ನೀವು ಓದಿದ್ದೀರಿ, ಮುಂದಾಳುವನ್ನು ಬಂಧಿಸಿದರು. ವಾರದ ರಜೆ ಇಲ್ಲದೆ ಜಾತ್ರೆ, ಬಂದೋಬಸ್ತು, ಹಂಪಿ ಉತ್ಸವ ಅಂತ ನಿಂತೇ ಇರುವ ಮನುಷ್ಯನಿಗೆ ‘ಎರಡು ದಿನದಲ್ಲಿ ಕಳ್ಳ ಸಿಗಬೇಕು’ ಎಂದು ಮೇಲಿನಿಂದ ಒತ್ತಡ ಬಂದರೆ, ತನಿಖೆಗೆ ಸೌಕರ್ಯ ಇಲ್ಲದಿದ್ದರೆ, ಅವನಿಗೆ ಗೊತ್ತಿರುವ ಒಂದೇ ವಿಧಾನ ಹೊರಬರುತ್ತದೆ. ಇದು ಕ್ಷಮಾಪಣೆ ಅಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಗೊತ್ತಿದ್ದೂ ಬಡಿಯುವುದು ಯಾಕೆ ಎಂದು ರೇಡಿಯೋ ಒಬ್ಬ ನಿವೃತ್ತ ಪೇದೆಯನ್ನೇ ಕೇಳಬೇಕು. ಅವರಲ್ಲಿ ಹೇಳುವುದು ಬಹಳ ಇರುತ್ತದೆ.

ರೇಡಿಯೋ ಮೌನವಾಗಿದ್ದರೆ ಆ ಜಾಗ ಖಾಲಿ ಉಳಿಯುವುದಿಲ್ಲ. 2024ರ ಮೇ ತಿಂಗಳಲ್ಲಿ ದಾವಣಗೆರೆ ಜಿಲ್ಲೆಯ ಚನ್ನಗಿರಿಯಲ್ಲಿ, ಮಟ್ಕಾ ಆರೋಪದ ಮೇಲೆ ಠಾಣೆಗೆ ಕರೆತಂದ ಒಬ್ಬರು ತೀರಿಕೊಂಡರು. ಲಾಕಪ್ ಡೆತ್ ಎಂದರು ಮನೆಯವರು, ಅಸ್ವಸ್ಥರಾದರು ಎಂದರು ಪೊಲೀಸರು. ರಾತ್ರೋರಾತ್ರಿ ಠಾಣೆಗೆ ಕಲ್ಲು ಬಿತ್ತು, ವಾಹನಗಳು ಜಖಂ ಆದವು, ಅಧಿಕಾರಿಗಳು ಅಮಾನತಾದರು, ಸಿಐಡಿ ತನಿಖೆಗೆ ಹೋಯಿತು. ಕಸ್ಟಡಿಯಲ್ಲಿ ಸಾವಾದರೆ 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ವರದಿ ಹೋಗಬೇಕು, ಮ್ಯಾಜಿಸ್ಟ್ರೇಟರು ವಿಚಾರಣೆ ನಡೆಸಬೇಕು ಎಂದು ಆ ರಾತ್ರಿ ನಂಬುವಂಥ ದನಿಯೊಂದು ಜನರಿಗೆ ಹೇಳಿದ್ದರೆ ಎಲ್ಲ ಕಲ್ಲುಗಳೂ ಕೆಳಗೆ ಬೀಳುತ್ತಿದ್ದವು ಅನ್ನಲಾರೆ. ಕೆಲವು ಬೀಳುತ್ತಿದ್ದವು.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಹೊಸಪೇಟೆ ಆಕಾಶವಾಣಿ ವಾರಕ್ಕೆ ಅರ್ಧ ಗಂಟೆ ಕೊಡಲಿ. ಕುರ್ಚಿಯಲ್ಲಿ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಕೂರಲಿ, ಪೊಲೀಸ್ ಅಧಿಕಾರಿ ಉತ್ತರ ಕೊಡುವ ಅತಿಥಿಯಾಗಿ ಬರಲಿ. ದೂರುದಾರರ ಹೆಸರು, ಊರು ಗಾಳಿಗೆ ಹೋಗದಿರಲಿ. ಫೋನು ಪ್ರಸಾರದ ಹೊರಗೆ ತೆಗೆದುಕೊಳ್ಳಲಿ. ಹಿಡಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕೆಂಬ ಸಂವಿಧಾನದ 22ನೇ ವಿಧಿ, ಸೂರ್ಯ ಮುಳುಗಿದ ಮೇಲೆ ಹೆಣ್ಣುಮಕ್ಕಳನ್ನು ಬಂಧಿಸಲು ಇರುವ ನಿರ್ಬಂಧ, ಠಾಣೆಗಳಲ್ಲಿ ಸಿಸಿಟಿವಿ ಇರಬೇಕೆಂಬ 2020ರ ಸುಪ್ರೀಂ ಕೋರ್ಟ್ ಆದೇಶ, ಪೊಲೀಸರ ಮೇಲಿನ ದೂರಿಗೆ ಪ್ರತ್ಯೇಕ ಪ್ರಾಧಿಕಾರ ಇರಬೇಕೆಂಬ 2006ರ ಆದೇಶ, ಇವನ್ನೆಲ್ಲ ಕಂಪ್ಲಿ ಸಂತೆಯ ಕನ್ನಡದಲ್ಲಿ ಹೇಳಲಿ. ಬಹಳ ಮುಖ್ಯವಾಗಿ, ಒಮ್ಮೆ ಎತ್ತಿಕೊಂಡ ದೂರು ಮೂರು ತಿಂಗಳಾದ ಮೇಲೆ ಯಾವ ಮೇಜಿನ ಮೇಲಿದೆ ಎಂದು ಮತ್ತೆ ಬಂದು ಹೇಳಲಿ. ಜನರ ನಂಬಿಕೆ ಬೆಳೆಯುವುದು ಆ ಎರಡನೇ ಸಲ ಹೇಳುವುದರಿಂದ.

ಕೇಂದ್ರದವರು ತಾವಾಗಿ ಇದನ್ನು ಶುರು ಮಾಡುತ್ತಾರೆಂದು ಕಾಯಬೇಡಿ. ಕೇಳುಗರ ಪತ್ರಕ್ಕೆ ಆಕಾಶವಾಣಿಯಲ್ಲಿ ಇನ್ನೂ ಬೆಲೆ ಇದೆ. ಹೊರಗೆ ಮೇಜಿನ ಮೇಲೆ ಗ್ರಂಥಾಲಯದವರು ಅಂಚೆ ಕಾರ್ಡು ಇಟ್ಟಿದ್ದಾರೆ. 1996ರ ಡಿ.ಕೆ. ಬಸು ತೀರ್ಪಿನ ಹನ್ನೊಂದು ಸೂಚನೆಗಳನ್ನು ನಮ್ಮ ಭಾಷೆಯಲ್ಲಿ, ನಾವು ಕೇಳುವ ಹೊತ್ತಿನಲ್ಲಿ ಪ್ರಸಾರ ಮಾಡಿ ಎಂದು ನಿಲಯ ನಿರ್ದೇಶಕರಿಗೆ ಎರಡು ಸಾಲು ಬರೆದು, ಸಹಿ ಹಾಕಿ, ಡಬ್ಬಿಗೆ ಹಾಕಿ ಹೋಗಿ. ಕಾನೂನು ನೆರವಿನ ಉಚಿತ ನಂಬರು 15100. ಅದನ್ನೂ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ.